ಸಹಾಯ ಬೇಕು: 11 ಬ್ರಾಂಚಿನ ಗೂಗಲ್ ಲಿಸ್ಟಿಂಗ್ ಸರಿ ಮಾಡ್ಬೇಕು

ಎಲ್ರಿಗೂ ನಮಸ್ಕಾರ. ನಮ್ದು ಬೇಕರಿ, ದಾವಣಗೆರೆ, ಹರಿಹರ, ಚಿತ್ರದುರ್ಗ, ಶಿವಮೊಗ್ಗ ಎಲ್ಲ ಸೇರಿ 11 ಬ್ರಾಂಚ್. ಗೂಗಲ್ ಮ್ಯಾಪ್ಸ್, ಜಸ್ಟ್‌ಡಯಲ್, ಆಪಲ್ ಮ್ಯಾಪ್ಸ್ ಒಂದೊಂದ್ರಲ್ಲಿ ಒಂದೊಂದು ಥರ ಅಡ್ರೆಸ್ಸು, ಟೈಮಿಂಗು. ಹರಿಹರದ ಅಂಗಡಿ ಶಿಫ್ಟ್ ಆಗಿ ವರ್ಷ ಆಯ್ತು, ಆದ್ರೂ ಬರ್ತ್‌ಡೇ ಕೇಕ್ ತಗೊಳಕ್ಕೆ ಬಂದೋರು ಹಳೇ ಪಿನ್ ನೋಡ್ಕೊಂಡು ಮುಚ್ಚಿದ ಶಟರ್ ಮುಂದೆ ನಿಂತ್ಕೊಂಡು ಫೋನ್ ಮಾಡ್ತಾರೆ, ಆ ಫೋನೂ ಕೆಲಸ ಬಿಟ್ಟು ಹೋದ ಹುಡುಗನ ನಂಬರಿಗೆ ಹೋಗುತ್ತೆ. ತುಂಬಾ ಬೇಜಾರಾಗುತ್ತೆ ರೀ.

ಮೊದ್ಲು ನೋಡ್ಕೊಳ್ತಿದ್ದ ಏಜೆನ್ಸಿಯೋರು ಅಂಗಡಿ ಹೆಸರಿನ ಜೊತೆ "ಬೆಸ್ಟ್ ಎಗ್‌ಲೆಸ್ ಕೇಕ್ ಶಾಪ್ ಇನ್ ದಾವಣಗೆರೆ" ಅಂತೆಲ್ಲ ತುರುಕಿದ್ದಾರೆ. ಬೋರ್ಡಲ್ಲಿ ಹೆಂಗಿದ್ಯೋ ಹಂಗೇ ಹೆಸರು ಇರ್ಬೇಕು ಅನ್ನೋದು ಗೂಗಲ್ ರೂಲು, ಇಲ್ಲಾಂದ್ರೆ ಪ್ರೊಫೈಲೇ ಸಸ್ಪೆಂಡ್ ಆಗ್ಬಹುದು, ಅದಕ್ಕೇ ಈಗ ಒಂದೊಂದಾಗಿ ತೆಗೀತಾ ಇದೀವಿ.

ಕೇಳ್ಬೇಕಾಗಿರೋದು ಏನಂದ್ರೆ, ಹರಿಹರದ್ದು ಎರಡೆರಡು ಲಿಸ್ಟಿಂಗ್ ಇದೆ, ಹಳೇದ್ರಲ್ಲೇ ಒಳ್ಳೊಳ್ಳೆ ರಿವ್ಯೂ ಇರೋದು, ಹೊಸದನ್ನ ಯಾರೋ ಗಿರಾಕಿ ಆ್ಯಡ್ ಮಾಡಿದ್ದು. ಹಳೇದ್ರ ಅಡ್ರೆಸ್ ಬದಲಾಯಿಸಿ, ಹೊಸದನ್ನ ಡೂಪ್ಲಿಕೇಟ್ ಅಂತ ರಿಪೋರ್ಟ್ ಮಾಡ್ಲಾ, ರಿವ್ಯೂ ಹೋಗಲ್ಲ ತಾನೆ? 10 ಅಥವಾ ಅದಕ್ಕಿಂತ ಜಾಸ್ತಿ ಬ್ರಾಂಚ್ ಇದ್ರೆ ಗೂಗಲ್‌ನೋರು ಬಲ್ಕ್ ವೆರಿಫಿಕೇಶನ್ (ಎಲ್ಲಾ ಬ್ರಾಂಚೂ ಒಟ್ಟಿಗೇ ವೆರಿಫೈ ಮಾಡೋದು) ಕೊಡ್ತಾರೆ, ಮಾಡಿಸ್ದೋರು ಯಾವ ದಾಖಲೆ ಕೊಟ್ರಿ? ಇನ್ನೊಂದು, 2024ರ ಕಾನೂನು ಪ್ರಕಾರ ಬೋರ್ಡಲ್ಲಿ 60% ಕನ್ನಡ ಮಾಡ್ಸಿದೀವಿ, ಲಿಸ್ಟಿಂಗ್ ಹೆಸರು ಮಾತ್ರ ಇಂಗ್ಲಿಷಲ್ಲೇ ಇದೆ. ಕನ್ನಡಕ್ಕೆ ಬದಲಾಯಿಸ್ದೋರು ಯಾರಾದ್ರೂ ಇದ್ರೆ ಸರ್ಚಲ್ಲಿ ಏನಾದ್ರೂ ತೊಂದ್ರೆ ಆಯ್ತಾ ಹೇಳಿ. ಹಬ್ಬದ ಸ್ಪೆಷಲ್ ಟೈಮಿಂಗ್ ಹಾಕೋದ್ರೊಳಗೆ ಇಷ್ಟೂ ಮುಗಿಸ್ಬೇಕು, ಗೊತ್ತಿರೋರು ದಯವಿಟ್ಟು ಕಾಮೆಂಟ್ ಹಾಕಿ.