ಅಪ್‌ಡೇಟ್: ನಮ್ಮ ಕಾಲೇಜಿನ ಸೆಮಿನಾರ್ ಹಾಲ್ ಬುಕಿಂಗ್ ಜಗಳ ಮುಗಿಯಿತು

ಹೋದ ಸೆಮಿಸ್ಟರ್‌ನಲ್ಲಿ ಕೇಳಿದ್ದೆ: ಹಾಲ್ ಒಂದೇ, ಬುಕಿಂಗ್ ಆಫೀಸಿನ ರಿಜಿಸ್ಟರ್‌ನಲ್ಲಿ, ಒಪ್ಪಿಗೆ ವಾಟ್ಸಾಪ್‌ನಲ್ಲಿ. ಒಂದೇ ದಿನ ಎರಡು ಡಿಪಾರ್ಟ್‌ಮೆಂಟ್‌ನವರು ಬ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಏನು ಮಾಡೋದು ಅಂತ.

ನೀವು ಹೇಳಿದ ಹಾಗೆ ಬುಕಿಂಗ್‌ಗೆ ಹೊಸ ಸಾಫ್ಟ್‌ವೇರ್ ಕೊಳ್ಳಲಿಲ್ಲ. ಕಾಲೇಜಿನ ಇಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲೇ (ಸಂಸ್ಥೆಗಳಿಗೆ ಗೂಗಲ್ ಕೊಡುವ ಇಮೇಲ್, ಕ್ಯಾಲೆಂಡರ್ ಸೇವೆ) ಇದೆ. ಅಡ್ಮಿನ್ ಆಗಿರುವ ಸರ್ ಹಾಲ್ ಅನ್ನು ಕ್ಯಾಲೆಂಡರ್‌ಗೆ ರಿಸೋರ್ಸ್ ಆಗಿ, ಅಂದರೆ ಬುಕ್ ಮಾಡಬಹುದಾದ ಜಾಗವಾಗಿ, ಸೇರಿಸಿದರು. ಈಗ ಕ್ಯಾಲೆಂಡರ್‌ನಲ್ಲಿ ಕಾರ್ಯಕ್ರಮ ಹಾಕುವಾಗ ಹಾಲ್ ಅನ್ನೂ ಸೇರಿಸಬೇಕು. ಆ ಹೊತ್ತು ಖಾಲಿ ಇದ್ದರೆ ತಾನೇ ಒಪ್ಪುತ್ತದೆ, ಇಲ್ಲದಿದ್ದರೆ ಆಗಲ್ಲ ಅನ್ನುತ್ತದೆ. ಅಷ್ಟೇ.

ಜಾಸ್ತಿ ಕಷ್ಟ ಆಗಿದ್ದು ಹಾಜರಾತಿ. ಮೊದಲು ಗೋಡೆಗೆ ಒಂದು ಕ್ಯೂಆರ್ ಕೋಡ್ ಅಂಟಿಸಿ, ಗೂಗಲ್ ಫಾರ್ಮ್ ತುಂಬಿ ಅಂದೆವು. ಯಾರೋ ಫೋಟೋ ತೆಗೆದು ಹಾಸ್ಟೆಲ್‌ಗೆ ಕಳಿಸಿದರು. ಹಾಲ್‌ನಲ್ಲಿ ಅರ್ಧ ಕುರ್ಚಿ ಖಾಲಿ, ಶೀಟ್‌ನಲ್ಲಿ ಮಾತ್ರ ಎಲ್ಲರೂ ಹಾಜರ್! ಬಿಸಿಲಲ್ಲಿ ಬಂದು ಕೂತ ಮಕ್ಕಳಿಗೂ ಬರದವರಿಗೂ ಒಂದೇ ಸರ್ಟಿಫಿಕೇಟ್ ಕೊಡೋದು ಅನ್ಯಾಯ ಅಲ್ವಾ? ಅದಕ್ಕೇ ಪ್ರೀಟಿಕ್ಸ್ ಅನ್ನೋ ಓಪನ್ ಸೋರ್ಸ್ ಟಿಕೆಟ್ ವ್ಯವಸ್ಥೆಯನ್ನು ನಮ್ಮ ಸರ್ವರ್‌ನಲ್ಲೇ ಹಾಕಿದೆವು. ಒಬ್ಬೊಬ್ಬರಿಗೂ ಬೇರೆ ಕೋಡ್, ಬಾಗಿಲಲ್ಲಿ ವಾಲಂಟಿಯರ್ ಸ್ಕ್ಯಾನ್ ಮಾಡುತ್ತಾರೆ. ಒಳಗೆ ನೆಟ್‌ವರ್ಕ್ ಸಿಗಲ್ಲ. ಟಿಕೆಟ್ ಪಟ್ಟಿಯನ್ನು ಫೋನಿಗೆ ಮೊದಲೇ ಇಳಿಸಿಕೊಂಡರೆ ಆಫ್‌ಲೈನ್‌ನಲ್ಲೂ ಕೆಲಸ ನಡೆಯುತ್ತದೆ.

ರಿಜಿಸ್ಟರ್ ಬಿಟ್ಟಿಲ್ಲ. ಅಟೆಂಡರ್ ಅಣ್ಣ ದಿನಾ ಬೆಳಿಗ್ಗೆ ಕ್ಯಾಲೆಂಡರ್ ನೋಡಿ ಅದರಲ್ಲಿ ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ಮೈಕ್ ಎಷ್ಟು, ಜನರೇಟರ್ ಬೇಕಾ ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಾರೆ.

ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.