ಕೈಸರನ ನಾಣ್ಯ, ಸಿಸ್ಟರುಗಳ ಸಂಬಳ

(ಹೊನ್ನಾವರದ ಹೈಸ್ಕೂಲೊಂದರ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಿಂದ)

ಫಿಲಿಪ್ (ಫಾರ್ವರ್ಡ್): "ಕೈಸರನದನ್ನು (ರೋಮಿನ ಚಕ್ರವರ್ತಿಯದನ್ನು) ಕೈಸರನಿಗೂ ದೇವರದನ್ನು ದೇವರಿಗೂ ಕೊಡಿರಿ ಎಂದು ಯೇಸುವೇ ಹೇಳಿದ್ದಾರೆ. ದೇವರ ಸೇವೆಗೆ ಬಾಳನ್ನೇ ಮುಡಿಪಾಗಿಟ್ಟ ಸಿಸ್ಟರುಗಳ, ಪಾದ್ರಿಗಳ ಸಂಬಳ ದೇವರದು. ಅದರಲ್ಲಿ ತೆರಿಗೆ ಮುರಿದುಕೊಳ್ಳುವುದು ಬೈಬಲಿಗೆ ವಿರುದ್ಧ. ಎಲ್ಲರಿಗೂ ತಲುಪಿಸಿ."

ಸವಿತಾ: ಇದನ್ನು ಬರೆದವರು ಯಾರು, ಫಿಲಿಪ್? ಹೆಸರೂ ಇಲ್ಲ, ತಾರೀಖೂ ಇಲ್ಲ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಸಿಸ್ಟರುಗಳ ಮತ್ತು ಪಾದ್ರಿಗಳ ಸಂಬಳಕ್ಕೂ ಟಿಡಿಎಸ್ (ಸಂಬಳ ಕೈಸೇರುವ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಅನ್ವಯಿಸುತ್ತದೆ ಎಂಬುದನ್ನು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಬಡತನದ ವ್ರತ ತೊಟ್ಟವರು ಸಂಬಳವನ್ನು ತಮ್ಮ ಸಂಸ್ಥೆಗೇ ಒಪ್ಪಿಸುತ್ತಾರೆ ಎಂಬ ವಾದ ಅಲ್ಲಿ ನಿಲ್ಲಲಿಲ್ಲ.

ಫಿಲಿಪ್: ನಾನು ಏನು ಹಾಕಿದರೂ ಮೊದಲ ಆಕ್ಷೇಪ ನಿನ್ನದೇ. ಸ್ನೇಹ ಸಮ್ಮೇಳನದ ಖರ್ಚಿನ ವಿವರ ಕೊಟ್ಟಾಗಲೂ ಎಲ್ಲರ ಎದುರಿಗೆ ರಸೀದಿ ಕೇಳಿದವಳು ನೀನು.

ಸವಿತಾ: ಕೇಳಿದ್ದೆ. ಅವು ಇನ್ನೂ ಬಂದಿಲ್ಲ.

ಮಾಸ್ತರು: ಮಕ್ಕಳೇ, ಈ ಜಗಳ ನಿಮ್ಮ ವಯಸ್ಸಿಗೆ ಶೋಭೆಯಲ್ಲ. ನಾನು ಕ್ರೈಸ್ತನಲ್ಲದಿದ್ದರೂ ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಓದಿದ್ದೇನೆ. ಅಧಿಕಾರ ದೇವರಿಂದ ಬಂದದ್ದು, ಕಂದಾಯ ಸಲ್ಲಬೇಕಾದವರಿಗೆ ಕಂದಾಯ ಸಲ್ಲಿಸಿ ಎಂದು ಅಲ್ಲಿ ಸ್ಪಷ್ಟವಾಗಿದೆ. ಸರಕಾರ ಹೇಳಿದ್ದನ್ನು ಪ್ರಶ್ನಿಸದೆ ಪಾಲಿಸುವುದೇ ಸಜ್ಜನರ ಲಕ್ಷಣ.

ಗಣಪತಿ: ಮಾಸ್ತರೇ, "ಪ್ರಶ್ನಿಸದೆ" ಎಂಬ ಮಾತನ್ನು ಅಂಕೋಲೆಯವನಾದ ನಾನು ಒಪ್ಪಲಾರೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ನಮ್ಮದು. ಅದರ ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರಗಳ ರೈತರು ಕಂದಾಯ ಕೊಡದೆ ಜಮೀನು ಜಪ್ತಿ ಮಾಡಿಸಿಕೊಂಡರು. ಆ ದಿನಗಳ ಕಥೆಯನ್ನು ನಮ್ಮ ಅಜ್ಜಿ ಗಂಜಿ ಬಡಿಸುತ್ತ ಹೇಳುತ್ತಿದ್ದರು; ಆ ಜಗಲಿಯೂ ಈಗಿಲ್ಲ, ಹಾಗೆ ಹೇಳುವವರೂ ಇಲ್ಲ.

ರೋಜಿ: ಇಷ್ಟು ಮಾತಿನ ನಡುವೆ ಆ ವಾಕ್ಯವನ್ನು ಯಾರೂ ಅದರ ಜಾಗದಲ್ಲಿಟ್ಟು ಓದಿಲ್ಲ. ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳಾಗಿ ನನಗೆ ಇದು ನೋವಿನ ಸಂಗತಿ. ಮತ್ತಾಯನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ, ಕೈಸರನಿಗೆ ತೆರಿಗೆ ಕೊಡಬೇಕೇ ಎಂಬ ಪ್ರಶ್ನೆ ಯೇಸುಸ್ವಾಮಿಯ ಮುಂದೆ ಬಂದದ್ದು ಬಲೆಯಾಗಿ: ತೆರಿಗೆ ಕೊಡಿ ಎಂದರೆ ರೋಮಿನ ಆಳ್ವಿಕೆಯಲ್ಲಿ ನೊಂದ ಜನ ದೂರವಾಗುತ್ತಾರೆ, ಬೇಡ ಎಂದರೆ ರಾಜದ್ರೋಹದ ಆರೋಪ ಬೀಳುತ್ತದೆ. ಯೇಸುಸ್ವಾಮಿ ನಾಣ್ಯವನ್ನು ತರಿಸಿ, ಇದರ ಮೇಲಿರುವ ಮುಖ ಯಾರದು ಎಂದು ಕೇಳಿದರು. ಕೈಸರನ ನಾಣ್ಯದಲ್ಲಿ ವ್ಯವಹರಿಸುವವರು ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲಿ ಎಂದರೇ ಹೊರತು, ದೇವರ ಸೇವಕರನ್ನು ಬಿಟ್ಟು ಉಳಿದವರು ಕೊಡಲಿ ಎನ್ನಲಿಲ್ಲ. ಫಿಲಿಪ್, ನಿನ್ನ ಸಂದೇಶಕ್ಕೆ ಹೆಚ್ಚು ಹತ್ತಿರವಾದದ್ದು 17ನೆಯ ಅಧ್ಯಾಯ. ಅಲ್ಲಿ ಕೇಳಿದ್ದು ಕೈಸರನ ತೆರಿಗೆಯಲ್ಲ, ದೇವಾಲಯದ ತೆರಿಗೆ. ಅರಸನ ಮಕ್ಕಳಿಗೆ ಸುಂಕವಿಲ್ಲ ಎಂದು ಹೇಳಿಯೂ, ಯಾರಿಗೂ ಅಡ್ಡಿಯಾಗದಿರಲೆಂದು ಯೇಸುಸ್ವಾಮಿ ಅದನ್ನು ಕಟ್ಟಿಸಿದರು.

ಮಾಸ್ತರೇ, ಅದೇ ಧರ್ಮಗ್ರಂಥದಲ್ಲಿ, ಬೋಧಿಸಬೇಡಿ ಎಂದು ಆಳುವವರು ಅಪ್ಪಣೆ ಮಾಡಿದಾಗ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಯೇಸುವಿನ ಶಿಷ್ಯರಾದ ಪೇತ್ರರು ಉತ್ತರಿಸಿ ಏಟು ತಿಂದದ್ದೂ ಇದೆ. ಆದ್ದರಿಂದ ಕುರುಡು ವಿಧೇಯತೆ ಕ್ರೈಸ್ತ ಬೋಧನೆಯಲ್ಲ. ಗಣಪತಿಯ ಊರಿನವರು ಅನ್ಯಾಯದ ಆಳ್ವಿಕೆಯನ್ನು ಬಹಿರಂಗವಾಗಿ ಧಿಕ್ಕರಿಸಿ ನಷ್ಟವನ್ನು ತಾವೇ ಹೊತ್ತರು. ನಮ್ಮ ಗುಂಪಿಗೆ ಮಾತ್ರ ವಿನಾಯಿತಿ ಬೇಕು ಎನ್ನುವುದು ಬೇರೆಯೇ ಸಂಗತಿ. ವಿನಾಯಿತಿಗಾಗಿ ನ್ಯಾಯಾಲಯಕ್ಕೆ ಹೋದದ್ದು ತಪ್ಪಲ್ಲ. ಅಲ್ಲಿ ಸೋತ ಮೇಲೆ ಸುವಾರ್ತೆಯ ಅರ್ಧ ವಾಕ್ಯವನ್ನು ಹಿಡಿದು ಜನರನ್ನು ಕೆರಳಿಸುವುದು ತಪ್ಪು.

ಮಾಸ್ತರು: ಪೇತ್ರರ ಮಾತನ್ನು ಇನ್ನೊಮ್ಮೆ ಓದುತ್ತೇನೆ, ರೋಜಿ. ಆದರೆ ಹಿರಿಯರನ್ನು ಗುಂಪಿನಲ್ಲಿ ತಿದ್ದುವ ರೀತಿ ಇದಲ್ಲ.

ಫಿಲಿಪ್: ಎಲ್ಲರೂ ಬೋಧಿಸಿದಿರಿ. ನನ್ನ ಮೌಶಿ ಇಂದಿಗೂ ಕಲಿಸುತ್ತಿರುವ ಸಿಸ್ಟರ್. ಅವರ ಸಂಬಳದಿಂದಲೇ ಕಾನ್ವೆಂಟಿನ ವಯಸ್ಸಾದ ಸಿಸ್ಟರುಗಳ ಔಷಧ ನಡೆಯುತ್ತದೆ. ಮುರಿದುಕೊಂಡ ಹಣ ಹೋಗುವುದು ಅಲ್ಲಿಂದ. ಇದಕ್ಕೆ ಯಾರ ಬಳಿ ಉತ್ತರವಿದೆ?

ಸವಿತಾ: ಈ ಕಷ್ಟವನ್ನೇ ಮೊದಲು ಬರೆದಿದ್ದರೆ ನಾನು ಬೇರೆ ರೀತಿಯಲ್ಲಿ ಮಾತಾಡುತ್ತಿದ್ದೆ. ಟಿಡಿಎಸ್ ಮುಂಗಡ ಕಡಿತವಷ್ಟೇ. ಸಲ್ಲಬೇಕಾದ ತೆರಿಗೆಗಿಂತ ಹೆಚ್ಚು ಮುರಿದಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಮೌಶಿಯವರ ಸಂಬಳದಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರವನ್ನು ನನಗೆ ಪ್ರತ್ಯೇಕವಾಗಿ ಕಳಿಸು, ಗುಂಪಿನಲ್ಲಿ ಹಾಕಬೇಡ.