ಮೆಕ್ಕೆಜೋಳ ಒಣಗಿಸೋಕೆ ಕಾಂಕ್ರೀಟ್ ಕಣ, ಬಿರುಕು ಬಿಡದಂಗೆ ಏನ್ ಮಾಡ್ಬೇಕು?

ಕಣದ_ಮನೆ: ನಮಸ್ಕಾರ ಎಲ್ರಿಗೂ. ರಾಣೆಬೆನ್ನೂರು ಕಡೆ ನಮ್ದು, ಎರೆ ಭೂಮಿ. 40×30 ಅಡಿ ಕಣ, 4 ಇಂಚು ದಪ್ಪ ಹಾಕ್ಸೋಣ ಅಂತಿದೀನಿ. ಪಕ್ಕದ ಹೊಲದವರದ್ದು ಒಂದೇ ಬೇಸಿಗೇಲಿ ಅಡ್ಡಾದಿಡ್ಡಿ ಸೀಳು ಬಿಟ್ಟಿದೆ. ಮೇಸ್ತ್ರಿ ಹೇಳ್ತಾರೆ ಕಬ್ಬಿಣದ ಜಾಲರಿ ಹಾಕಿದ್ರೆ ಬಿರುಕೇ ಬರಲ್ಲ ಅಂತ, ನಿಜಾನಾ?

ಸೈಟ್_ಸೂಪರ್‌ವೈಸರ್: ಇಲ್ಲ ಸರ್, ಜಾಲರಿ ಬಿರುಕು ತಡೆಯಲ್ಲ, ಬಂದ ಬಿರುಕು ಬಾಯಿ ಬಿಡದಂಗೆ ಹಿಡಿದಿಡುತ್ತೆ ಅಷ್ಟೆ, ಅದೂ ಸ್ಲ್ಯಾಬಿನ ಮೇಲ್ಭಾಗದಲ್ಲಿದ್ರೆ. ನಮ್ಮಲ್ಲಿ ನೆಲದ ಮೇಲೆ ಹಾಸಿ ಅದರ ಮೇಲೇ ತುಳ್ಕೊಂಡು ಓಡಾಡ್ತಾರೆ, ಅದು ದುಡ್ಡು ಮಣ್ಣಿಗೆ ಹಾಕಿದಂಗೆ. ಕಾಂಕ್ರೀಟ್ ಒಣಗ್ತಾ ಕುಗ್ಗುತ್ತೆ, ಕೆಳಗಿನ ನೆಲ ಕುಗ್ಗೋಕೆ ಬಿಡಲ್ಲ, ಎಲ್ಲೋ ಒಂದ್ಕಡೆ ಸೀಳಲೇಬೇಕು, ಹಂಗಾಗಿ ಎಲ್ಲಿ ಸೀಳ್ಬೇಕು ಅಂತ ನಾವೇ ಜಾಯಿಂಟ್ ಕೊಡೋದು. 4 ಇಂಚಿಗೆ 8ರಿಂದ 10 ಅಡಿಗೊಂದು, ನಿಮ್ದು 10×10ರ 12 ಚೌಕ ಆಗುತ್ತೆ. ಕಟ್ಟರ್‌ನಲ್ಲಿ 1 ಇಂಚು ಆಳ ಗೀರು ಕೊಯ್ಸಿ, ಕಾಂಕ್ರೀಟ್ ಬೆಳಿಗ್ಗೆ ಹಾಕಿದ್ರೆ ಅವತ್ತು ರಾತ್ರಿನೇ, ಅಂಚು ಉದುರದಷ್ಟು ಗಟ್ಟಿಯಾದ ಕೂಡ್ಲೆ. ಎರಡು ದಿನ ಬಿಟ್ಟು ಕಟ್ ಮಾಡಿದ್ರೆ ಅಷ್ಟೊತ್ತಿಗೆ ಅದು ತಾನೇ ಸೀಳಿರುತ್ತೆ. ಮನೆ ಗೋಡೆಗೆ ತಾಗೋ ಕಡೆ ಥರ್ಮಾಕೋಲ್ ಇಡಿ.

ಗಾರೆ_ಕೆಲಸ: ಜಾಯಿಂಟ್ ಸರಿ, ಆದ್ರೆ ಎರೆ ಮಣ್ಣಿನ ಮೇಲೇ ಹಾಕಿದ್ರೆ ಯಾವ ಜಾಯಿಂಟೂ ಉಳ್ಸಲ್ಲ, ಮಳೇಲಿ ಉಬ್ಬುತ್ತೆ ಬೇಸಿಗೇಲಿ ಇಳಿಯುತ್ತೆ. ಮೇಲಿನ ಎರೆ ತೆಗ್ಸಿ ಗರಸು ತುಂಬಿ, ನೀರು ಹಾಕಿ ಪದರ ಪದರವಾಗಿ ರೋಲರ್ ಹೊಡ್ಸಿ, ಸುತ್ತ ನೀರು ನಿಲ್ಲದಂಗೆ ಇಳಿಜಾರು ಕೊಡಿ. ಇನ್ನೊಂದು, ಎಳೆಯೋಕೆ ಸಲೀಸು ಅಂತ ನೀರು ಸುರೀತಾರಲ್ಲ, ನಿಂತು ನೋಡ್ಕೊಳ್ಳಿ. 50 ಕೆಜಿ ಸಿಮೆಂಟ್ ಚೀಲಕ್ಕೆ ನೀರು 25 ಲೀಟರ್ ದಾಟ್ಬಾರ್ದು, ಮರಳು ಹಸಿ ಇದ್ರೆ ಇನ್ನೂ ಕಮ್ಮಿ. ಮೇಲೆ ನೀರು ತೇಲಿದಾಗ ಒಣ ಸಿಮೆಂಟ್ ಉದುರಿಸಿ ತೀಡೋಕೆ ಬಿಡ್ಬೇಡಿ, ಬಲೆ ಬಲೆ ಥರ ಕೂದಲೆಳೆ ಬಿರುಕು ಬರೋದು ಅದರಿಂದನೇ.

ಕಣದ_ಮನೆ: ಅಣ್ಣಾ ಇಲ್ಲಿ ಬಿಸಿಲು ಗಾಳಿ ಎರಡೂ ಜಾಸ್ತಿ. ಕಟ್ಟರ್ ಸಿಗೋದೂ ಡೌಟು.

ಸೈಟ್_ಸೂಪರ್‌ವೈಸರ್: ಹಂಗಿದ್ರೆ ಪಟ್ಟಿ ಕಟ್ಟಿ ಒಂದು ಚೌಕ ಬಿಟ್ಟು ಒಂದು ಹಾಕ್ಸಿ, ಚೌಕದ ಅಂಚೇ ಜಾಯಿಂಟ್ ಆಗುತ್ತೆ. ಬೆಳಗಿನ ಜಾವ ಶುರು ಮಾಡಿ, ಫಿನಿಶ್ ಆದ ತಕ್ಷಣ ಪ್ಲಾಸ್ಟಿಕ್ ಮುಚ್ಚಿ, ಆಮೇಲೆ ಒದ್ದೆ ಗೋಣಿಚೀಲ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದ್ರೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದ್ರೆ ಒದ್ದೆಯಾಗೇ ಇಡೋದು, 14 ಮಾಡಿದ್ರೆ ಒಳ್ಳೇದು. ತುಂಬಿದ ಟ್ರ್ಯಾಕ್ಟರ್ ಮೇಲೆ ಬರುತ್ತಾ? ಬಂದ್ರೆ 4 ಇಂಚು ಸಾಲಲ್ಲ.

ಕಣದ_ಮನೆ: ಬರುತ್ತೆ, ಟ್ರೇಲರ್ ಸಮೇತ.

ಗಾರೆ_ಕೆಲಸ: ಮತ್ತೆ ಜಾಲರಿ ದುಡ್ಡು ಉಳ್ಸಿ 6 ಇಂಚು ಹಾಕ್ಸಿ, ಅಂಚಲ್ಲಿ ಇನ್ನೂ ಸ್ವಲ್ಪ ದಪ್ಪ ಇರ್ಲಿ, ಚಕ್ರ ಹತ್ತೋದು ಅಲ್ಲೇ.